ಕೇಳಿದ ಪ್ರಸಂಗವನ್ನು ಮತ್ತೆ ಬಿಡಿಸುವುದೇಕೆ?

‘ಭಾನುವಾರ ಚರ್ಚಿನಲ್ಲಿ ಬೋಧಕರ ಪ್ರಸಂಗ ಕೇಳಿಯಾಗಿರುತ್ತದೆ. ಗುರುವಾರ ರಾತ್ರಿ ಮೊಬೈಲಿನ ಮುಂದೆ ಕೂತು ಅದನ್ನೇ ಮತ್ತೆ ಬಿಡಿಸುವುದೇಕೆ?’ ಮಂಜೇಶ್ವರದಿಂದ ಕಾಸರಗೋಡಿನವರೆಗೆ ನನ್ನ ಪರಿಚಯದವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮೊದಮೊದಲು ನಗುತ್ತಾ ಉತ್ತರಿಸುತ್ತಿದ್ದೆ. ಈಗ ನಗುವಿನ ದಾಸ್ತಾನು ಮುಗಿದಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸಲಾಗುವುದು.

ನಾವು ಹದಿಮೂರು ಜನ ವಾರಕ್ಕೊಮ್ಮೆ ಗೂಗಲ್ ಮೀಟ್‌ನಲ್ಲಿ ಸೇರುತ್ತೇವೆ. ಒಂದು ವಾರ ಯಾವುದಾದರೊಂದು ಪ್ರಸಂಗ, ಮರುವಾರ ಒಂದು ಪುಸ್ತಕದ ನಾಲ್ಕಾರು ಪುಟ. ಉಪ್ಪಳ, ಕುಂಬಳೆಯ ಕಡೆಯವರಿದ್ದಾರೆ. ಶಾರ್ಜಾದಲ್ಲಿ ನರ್ಸ್ ಆಗಿರುವ ಒಬ್ಬರು ಡ್ಯೂಟಿ ಮುಗಿಸಿ ಬಸ್ಸಿನಿಂದಲೇ ಸೇರಿಕೊಳ್ಳುತ್ತಾರೆ. ಚಂದಾ ಇಲ್ಲ, ಕಾಣಿಕೆಯೂ ಇಲ್ಲ. ಹಣ ಕೇಳದಿರುವುದೇ ಕೆಲವರ ಸಂಶಯಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ.

ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ಸಭೆಯ ಹಿರಿಯರೊಬ್ಬರು ಪಕ್ಕದ ಕುರ್ಚಿಗೆ ಬಂದು, ‘ಅಯ್ಯನವರನ್ನು ತಿದ್ದಲಿಕ್ಕೆ ಕೂತದ್ದಾ ನೀವೆಲ್ಲ?’ ಎಂದು ಕೇಳಿದರು. ಅಯ್ಯನವರೆಂದರೆ ನಮ್ಮ ಸಭೆಯ ಬೋಧಕರು. ನನ್ನ ತಟ್ಟೆಯ ಕೋರಿರೊಟ್ಟಿ ಸಾರು ಹೀರಿ ಮುದ್ದೆಯಾಗುವವರೆಗೂ ಅವರ ಮಾತು ಮುಗಿಯಲಿಲ್ಲ. ಗರಿಗರಿಯಾಗಿ ತಿನ್ನಬೇಕಾದ ರೊಟ್ಟಿ ಹಾಳಾದ ಸಿಟ್ಟಿನಲ್ಲಿ ನಾನು ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ಎತ್ತಿದೆ: ಬೆರೋಯ ಎಂಬ ಊರಿನವರು ಅಪೊಸ್ತಲನಾದ ಪೌಲನ ಮಾತನ್ನು ಸಿದ್ಧಮನಸ್ಸಿನಿಂದ ಕೇಳಿದರು, ಆದರೂ ಅದು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರಗ್ರಂಥ ತೆರೆದು ಪರೀಕ್ಷಿಸಿದರು, ಅದಕ್ಕಾಗಿ ಅವರಿಗೆ ಸಿಕ್ಕಿದ್ದು ಹೊಗಳಿಕೆಯೇ ಹೊರತು ಬೈಗುಳವಲ್ಲ. ಸುಮ್ಮನೆ ಕೇಳಿದರೆ ಸಾಕೆನ್ನುವವರಿಗೆ 20ನೆಯ ಅಧ್ಯಾಯವೂ ಇದೆ. ತ್ರೋವದಲ್ಲಿ ಅದೇ ಪೌಲನ ಉಪದೇಶ ಮಧ್ಯರಾತ್ರಿಯವರೆಗೆ ನಡೆದಾಗ ಕಿಟಕಿಯಲ್ಲಿ ಕೂತಿದ್ದ ಯುವಕನೊಬ್ಬ ನಿದ್ದೆ ಹತ್ತಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಹಿರಿಯರು ನಗಲಿಲ್ಲ. ಪ್ರಸಂಗದ ಹೊತ್ತಿನಲ್ಲಿ ಅವರ ತಲೆ ಎಷ್ಟು ಬಾರಿ ವಾಲುತ್ತದೆಂಬುದು ಹಿಂದಿನ ಬೆಂಚಿನವನಾದ ನನಗೆ ಗೊತ್ತಿರುವುದು ಅವರಿಗೂ ಗೊತ್ತು.

ಪುಸ್ತಕಗಳ ಬಗ್ಗೆಯೂ ತಕರಾರಿದೆ. ಶುಭ ಶುಕ್ರವಾರಕ್ಕೆ ಮುಂಚಿನ ವಾರಗಳಲ್ಲಿ ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’ ಓದಿದೆವು. ಯೇಸುವಿನ ಕೊನೆಯ ದಿನವನ್ನು ಕುರಿತ ಆ ಖಂಡಕಾವ್ಯವನ್ನು ಬರೆದವರು ಕ್ರೈಸ್ತರಲ್ಲವಲ್ಲ ಎಂದು ಒಬ್ಬರು ಗೊಣಗಿದರು. ಅವರು ನಮ್ಮವರಲ್ಲದಿರಬಹುದು, ಅವರ ಕನ್ನಡವಂತೂ ನಮ್ಮ ಅಳವಿಗೆ ಮೀರಿದ್ದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪುಟಕ್ಕೆ ಒಂದು ಗಂಟೆ ಕಳೆದೆವು.

‘ಏಕೆ ಕೂರುತ್ತೀರಿ’ ಎಂದು ಕೇಳುವ ಬದಲು ‘ಎಲ್ಲಿ ಸಿಕ್ಕಿಬಿದ್ದಿರಿ’ ಎಂದು ಯಾರಾದರೂ ಕೇಳಿದ್ದರೆ ನಾನು ರೊಟ್ಟಿಯನ್ನು ಮರೆತು ಹೇಳುತ್ತಿದ್ದೆ. ಪಶ್ಚಾತ್ತಾಪದ ಕುರಿತ ಒಂದು ಪ್ರಸಂಗವನ್ನು ಎತ್ತಿಕೊಂಡಿದ್ದೆವು. ಬೋಧಕರು ನಲವತ್ತು ನಿಮಿಷ ಕಣ್ಣೀರಿನ ಬಗ್ಗೆ ಮಾತಾಡಿದ್ದರು. ಕೇಳುವಾಗ ನನ್ನ ಕಣ್ಣೂ ತೇವವಾಗಿತ್ತು. ನಮ್ಮ ಗುಂಪಿನಲ್ಲಿ ಮಲಯಾಳ ಮಾಧ್ಯಮದಲ್ಲಿ ಕಲಿತ ಹುಡುಗಿಯೊಬ್ಬಳಿದ್ದಾಳೆ. 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ನೆಲದಲ್ಲಿ ಮನೆಯ ಭಾಷೆ ಒಂದು, ಶಾಲೆಯದು ಇನ್ನೊಂದು ಆಗಿರುವುದು ಹೊಸದಲ್ಲ. ಅವಳು ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಾಳೆ. ಮತ್ತಾಯ 3ನೆಯ ಅಧ್ಯಾಯದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂಬಲ್ಲಿ ನಿಂತು, ‘ನಮ್ಮ ಮಲಯಾಳ ಬೈಬಲ್ಲಿನಲ್ಲಿ ಇಲ್ಲಿ ಮಾನಸಾಂತರಪ್ಪೆಡುವಿನ್ ಅಂತ ಉಂಟಲ್ಲ ಅಣ್ಣ, ಎರಡೂ ಒಂದೇಯಾ?’ ಎಂದು ಕೇಳಿದಳು.

ಒಂದೇ ಅಲ್ಲ. ಗ್ರೀಕಿನ ‘ಮೆಟನೋಯಿಯ’ ಎಂದರೆ ಮನಸ್ಸು ಬದಲಾಗುವುದು, ಮಲಯಾಳದ್ದು ಅದರ ನೇರ ಪಡಿಯಚ್ಚು. ಹಳೆಯ ಒಡಂಬಡಿಕೆಯ ಪ್ರವಾದಿಗಳು ಬಳಸುವ ಹೀಬ್ರೂ ಮಾತಿಗೆ ತಿರುಗು, ಹಿಂದಿರುಗಿ ಬಾ ಎಂಬ ಅರ್ಥವಿದ್ದು, ಕನ್ನಡದ ಮಾತು ಅದರ ಜಾಡು ಹಿಡಿದಂತಿದೆ. ಕಣ್ಣೀರು ಎರಡರಲ್ಲೂ ಇಲ್ಲ. ನಲವತ್ತು ನಿಮಿಷ ತಲೆಯಾಡಿಸಿದ್ದ ನಮ್ಮಲ್ಲಿ ಒಬ್ಬರಿಗೂ ಹೊಳೆಯದ ಈ ಸಂಗತಿ, ಕನ್ನಡ ಓದಲು ತಡವರಿಸುವವಳಿಂದ ಬಯಲಾಯಿತು. ಅಯ್ಯನವರನ್ನು ತಿದ್ದುವುದೆಂದರೆ ಇದೇ ಆಗಿದ್ದರೆ, ಹೌದು, ತಿದ್ದಿದೆವು.

ಹಾಗಾದರೆ ತಿರುಗುವುದೆಂದರೆ ಏನು ಮಾಡುವುದೆಂದು ಲೂಕನ 3ನೆಯ ಅಧ್ಯಾಯಕ್ಕೆ ಹೋದೆವು. ಅಲ್ಲಿ ಜನರು ಸ್ನಾನಿಕನಾದ ಯೋಹಾನನನ್ನು ಇದನ್ನೇ ಕೇಳುತ್ತಾರೆ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎನ್ನುತ್ತಾನೆ. ನಾವೆಲ್ಲ ಉತ್ಸಾಹದಿಂದ ಒಪ್ಪಿದೆವು. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿರಿ ಎನ್ನುತ್ತಾನೆ. ಅಲ್ಲಿಗೆ ಬಂದಾಗ, ತೆರಿಗೆ ಇಲಾಖೆಯಿಂದ ನಿವೃತ್ತರಾದ ನಮ್ಮ ಅಂಕಲ್ ಏನಾದರೂ ಹೇಳುವರೆಂದು ಎಲ್ಲರೂ ಕಾದೆವು. ಪರದೆಯ ಮೇಲೆ ಅವರ ತುಟಿ ಒಮ್ಮೆ ಅಲುಗಿತು, ಆಮೇಲೆ ಅವರ ಚೌಕ ಕಪ್ಪಾಯಿತು. ಕರೆಂಟು ಹೋಯಿತೆಂದು ಮರುದಿನ ಸಂದೇಶ ಕಳುಹಿಸಿದರು. ಅವರದು ನಮ್ಮ ಬೀದಿಯೇ. ಆ ರಾತ್ರಿ ನಮ್ಮಲ್ಲಿ ಕರೆಂಟು ಇತ್ತು. ಮುಂದಿನ ಗುರುವಾರ ಅವರು ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಬಂದು ಕೂತಿದ್ದರು.