ಮರದಿಂದ ಇಳಿಯಬಾರದ ಸಿಂಗಳೀಕ: ಕುದುರೆಮುಖದಲ್ಲಿ ಮೂರು ದಿನ

ಬಜಗೋಳಿ ಕಡೆಯಿಂದ ಬಂದು ಮಾಳ ಚೆಕ್‌ಪೋಸ್ಟ್ ದಾಟಿ ಘಾಟಿ ಏರುತ್ತಿದ್ದೆವು. ಬೆಳಗ್ಗೆ ಎಂಟೂವರೆ ಇರಬೇಕು. ಅಕ್ಟೋಬರ್ ಎರಡನೇ ವಾರ. ಮಳೆ ಬಿಟ್ಟು ನಾಲ್ಕು ದಿನ ಆಗಿತ್ತಂತೆ, ಆದರೂ ರಸ್ತೆ ಪೂರ್ತಿ ಒದ್ದೆ. ಒಂದು ತಿರುವಿನಲ್ಲಿ ಎರಡು ಕಾರು ನಿಂತಿದ್ದವು. ಜನ ಕೆಳಗಿಳಿದು ಮೊಬೈಲ್ ಹಿಡಿದಿದ್ದರು. ರಸ್ತೆ ಬದಿಯ ಕಟ್ಟೆಯ ಮೇಲೆ ಸಿಂಗಳೀಕವೊಂದು ಕೂತಿತ್ತು. ಕೈಯಲ್ಲಿ ಬಿಸ್ಕತ್ತು.

ಸಿಂಗಳೀಕವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಮೈಯೆಲ್ಲ ಮಸಿಯಂಥ ಕಪ್ಪು ಕೂದಲು. ಮುಖದ ಸುತ್ತ ಬೂದು ಬಣ್ಣದ ಕೇಸರ, ಆಗಷ್ಟೇ ಬಾಚಿದ ಹಾಗೆ. ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ವರ್ಷಗಳಿಂದ ನೋಡಬೇಕು ಅಂದುಕೊಂಡಿದ್ದ ಪ್ರಾಣಿ ಮೂರು ಮಾರು ದೂರದಲ್ಲಿ ಕೂತಿದ್ದರೂ ಖುಷಿಯಾಗಲಿಲ್ಲ. ಅದರ ಕಣ್ಣು ಕಾರಿನ ಕಿಟಕಿಯ ಮೇಲೇ ಇತ್ತು.

"ಅಕ್ಕಾ, ಇದು ಕೆಳಗೆ ಬರೋ ಜಾತಿನಾ?" ಅಂತ ತಮ್ಮ ಕೇಳಿದ.

ಅಲ್ಲವೇ ಅಲ್ಲ. ಊರಿನ ಕೋತಿಗೆ ನೆಲವೂ ಒಂದೇ, ಮಾಡೂ ಒಂದೇ. ಸಿಂಗಳೀಕದ ಬದುಕು ಮರದ ತುದಿಯಲ್ಲಿ. ಹುಟ್ಟುವುದು, ತಿನ್ನುವುದು, ಮಲಗುವುದು ಹೆಚ್ಚುಕಡಿಮೆ ಎಲ್ಲ ಅಲ್ಲೇ. ಹತ್ತು ಇಪ್ಪತ್ತು ಜನರ ಗುಂಪು ಇಡೀ ದಿನ ಕೊಂಬೆಯಿಂದ ಕೊಂಬೆಗೆ ಹಣ್ಣು, ಹುಳು ಹುಡುಕಿಕೊಂಡು ಓಡಾಡುತ್ತದೆ. ತಾಯಿಗೆ ಒಂದು ಸಲಕ್ಕೆ ಒಂದೇ ಮರಿ. ಇನ್ನೊಂದು ಆಗಬೇಕಾದರೆ ಎರಡು ಮೂರು ವರ್ಷ ಬೇಕು. ಹೀಗಿರುವಾಗ ಕಾರಿನ ಚಕ್ರಕ್ಕೆ ಒಂದು ಸಿಕ್ಕರೂ ಗುಂಪಿಗೆ ಅದು ದೊಡ್ಡ ನಷ್ಟ. ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಈ ಪ್ರಾಣಿ ಕಾಡಿನಲ್ಲಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ.

ತಮ್ಮ ಇಳಿದುಹೋಗಿ ಆ ಜನರ ಹತ್ತಿರ ಮೆಲ್ಲಗೆ ಮಾತಾಡಿದ. ಒಬ್ಬರು ಬೇಜಾರು ಮಾಡಿಕೊಂಡರು. ಇನ್ನೊಬ್ಬರು, "ಗೊತ್ತಿರಲಿಲ್ಲ, ಪಾಪ ಹಸಿದಿದೆ ಅಂದುಕೊಂಡ್ವಿ" ಅಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಅನ್ನಿಸಿತು.

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಹೀಗಾಗುವುದು ನೋಡಿದರೆ ಹೆಚ್ಚು ಸಂಕಟವಾಗುತ್ತದೆ. ಯಾಕೆಂದರೆ ಈ ಕಾಡು ಉದ್ಯಾನವಾಗಿದ್ದರ ಹಿಂದೆ ಸಿಂಗಳೀಕದ ಪಾಲು ದೊಡ್ಡದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1983-84ರಲ್ಲಿ ಮಲೆನಾಡಿನಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದಾಗ, ಈ ಸುತ್ತಲಿನ ಮಳೆಕಾಡಿನಲ್ಲೇ ಅವುಗಳ ಒಳ್ಳೆಯ ನೆಲೆ ಕಂಡುಬಂತು. 1987ರಲ್ಲಿ ಉದ್ಯಾನ ಘೋಷಣೆಯಾಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಹರಡಿರುವ ಸುಮಾರು 600 ಚದರ ಕಿಲೋಮೀಟರ್ ಕಾಡು ಇದು.

ಎಸ್.ಕೆ. ಬಾರ್ಡರ್ ಅನ್ನುವ ಕವಲಿನಲ್ಲಿ ಬಲಕ್ಕೆ ತಿರುಗಿ ಕುದುರೆಮುಖ ಊರು ದಾಟಿ ಬಾಳೆಗಲ್ ಸೇರುವಾಗ ಮಧ್ಯಾಹ್ನ. ಅಲ್ಲಿಂದ ಬೆಟ್ಟದ ಬುಡದ ಮುಳ್ಳೋಡಿಗೆ ಜೀಪು. ಆ ರಸ್ತೆಯ ಬಗ್ಗೆ ಹೇಳುವುದೇನೂ ಇಲ್ಲ, ಸೊಂಟಕ್ಕೇ ಗೊತ್ತು. ಸಂಜೆ ಉಳಿದ ಮನೆಯ ತೋಟದಲ್ಲಿ ಒಂದು ಅಡಿಕೆ ಮರದ ಮೇಲೆ ಹಾರುವ ಓತಿ ಸಿಕ್ಕಿತು. ತೊಗಟೆಯದೇ ಬಣ್ಣ. ಗಂಟಲ ಕೆಳಗಿನ ಹಳದಿ ಚೀಲವನ್ನು ಒಮ್ಮೆ ಬೀಸಣಿಗೆ ಹಾಗೆ ಬಿಚ್ಚಿ ಮುಚ್ಚಿತು, ಅದರಿಂದಲೇ ಕಂಡಿದ್ದು. ಆಮೇಲೆ ಪಕ್ಕೆಯ ಚರ್ಮ ಅಗಲಿಸಿ ಎದುರಿನ ಮರಕ್ಕೆ ತೇಲಿಹೋಯಿತು. ಒಣಗಿದ ಎಲೆ ಗಾಳಿಗೆ ಹೋದಷ್ಟೇ ಸದ್ದು.

ಮರುದಿನ ಏಳಕ್ಕೆ ಕುದುರೆಮುಖ ಶಿಖರ ಹತ್ತಲು ಹೊರಟೆವು. ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಗೈಡ್ ಇಲ್ಲದೆ ಇಲ್ಲಿ ಹತ್ತುವ ಹಾಗಿಲ್ಲ. ಸಂಜೆಯೊಳಗೆ ಇಳಿದು ಬರಲೇಬೇಕು. ನಮ್ಮ ಗೈಡ್ ಅಲ್ಲಿಯವರೇ, ಐವತ್ತು ದಾಟಿದವರು. ಹೆಚ್ಚು ಮಾತಿಲ್ಲ. ಮೊದಲು ಕೈಗೆ ಉಪ್ಪಿನ ಗಂಟು ಕೊಟ್ಟರು. "ಇಂಬಳ ಜಾಸ್ತಿ ಉಂಟು ಮೇಡಂ. ಹತ್ತಿದ್ರೆ ಕಿತ್ತು ಎಳೀಬೇಡಿ, ಉಪ್ಪು ಮುಟ್ಟಿಸಿ ಸಾಕು."

ರಕ್ತ ಹೀರುವ ಈ ಕಾಡುಜಿಗಣೆಗಳು ನಿಜಕ್ಕೂ ಜಾಸ್ತಿ ಇದ್ದವು. ನಿಂತರೆ ಸಾಕು, ಸುತ್ತಲಿನ ಎಲೆಗಳ ಮೇಲೆ ಎದ್ದು ನಿಂತು ಮೈಯನ್ನು ಆ ಕಡೆ ಈ ಕಡೆ ಆಡಿಸುತ್ತ ನಮ್ಮನ್ನು ಹುಡುಕುತ್ತವೆ. ಮೊದಲ ಅರ್ಧ ಗಂಟೆ ಕಾಲು ನೋಡಿಕೊಳ್ಳುವುದೇ ಕೆಲಸ. ಆಮೇಲೆ ಮನಸ್ಸು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟ ಮೇಲೆಯೇ ಕಾಡು ಕಾಣಲು ಶುರುವಾಗಿದ್ದು.

ದಾರಿಯಲ್ಲಿ ಹಳ್ಳಗಳು ಒಂದರ ಹಿಂದೆ ಒಂದು. ಎರಡನೆಯದೋ ಮೂರನೆಯದೋ ಹಳ್ಳದಲ್ಲಿ ಗೈಡ್ ಬಗ್ಗಿ ಕೂತು ಕೈಸನ್ನೆ ಮಾಡಿದರು. ನೀರಿನ ನಡುವೆ ಪಾಚಿ ಕಟ್ಟಿದ ಕಲ್ಲು. ಏನೂ ಕಾಣಲಿಲ್ಲ. ಐದು ನಿಮಿಷ ಸುಮ್ನೆ ನೋಡುತ್ತಿದ್ದೆ. ಆಮೇಲೆ ಕಲ್ಲಿನ ಒಂದು ಚೂರು ಕಾಲು ಚಾಚಿತು!

ಕಪ್ಪೆ. ಹೆಬ್ಬೆರಳಿನ ತುದಿಯಷ್ಟು, ಕೊಳೆತ ಎಲೆಯ ಬಣ್ಣದ್ದು. ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ, ಪಕ್ಕಕ್ಕೆ ಪೂರ್ತಿ ನೀಡಿತು. ತುದಿಯಲ್ಲಿ ಬೆರಳುಗಳನ್ನು ಅಗಲಿಸಿತು. ಬೆರಳುಗಳ ನಡುವಿನ ತೆಳುಪೊರೆ ಒಂದು ಕ್ಷಣ ಬೆಳ್ಳಗೆ ಹೊಳೆಯಿತು. ಮತ್ತೆ ಕಾಲು ಮಡಿಚಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾಲು. ಎದುರಿನ ಕಲ್ಲಿನ ಮೇಲೂ ಒಂದಿತ್ತು, ಅದೂ ಹಾಗೇ ಉತ್ತರ ಕೊಟ್ಟಿತು.

ಇವು ಕುಣಿಯುವ ಕಪ್ಪೆಗಳು. ಹರಿಯುವ ನೀರಿನ ಸದ್ದಿನಲ್ಲಿ ಇಷ್ಟು ಚಿಕ್ಕ ಜೀವ ಕೂಗಿದರೆ ಎಷ್ಟು ಕೇಳಿಸೀತು? ಅದಕ್ಕೇ ಕೂಗಿನ ಜೊತೆಗೆ ಗಂಡು ಕಪ್ಪೆ ಕಾಲು ಬೀಸುತ್ತದೆ. ಹೆಣ್ಣಿಗೆ ಕರೆ, ಇನ್ನೊಂದು ಗಂಡಿಗೆ ಇದು ನನ್ನ ಜಾಗ ಅನ್ನುವ ಎಚ್ಚರಿಕೆ. ಎಚ್ಚರಿಕೆ ಕೇಳದೆ ಹತ್ತಿರ ಬಂದರೆ ಅದೇ ಕಾಲಿನಿಂದ ಒದೆತವೂ ಉಂಟು. 2014ರಲ್ಲಿ ವಿಜ್ಞಾನಿ ಎಸ್.ಡಿ. ಬಿಜು ಮತ್ತು ಅವರ ತಂಡ ಪಶ್ಚಿಮ ಘಟ್ಟದಿಂದ ಇಂಥ 14 ಹೊಸ ಜಾತಿಗಳನ್ನು ಒಟ್ಟಿಗೇ ಗುರುತಿಸಿದ್ದರು. ಅಷ್ಟು ಜಾತಿಗಳು ಅಲ್ಲಿಯವರೆಗೆ ಹೆಸರೇ ಇಲ್ಲದೆ ಇಂಥ ಹಳ್ಳಗಳಲ್ಲಿ ಕಾಲು ಬೀಸುತ್ತಿದ್ದವು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಹಿಂದಿನಿಂದ ಬಂದ ಎರಡು ಗುಂಪು ನಮ್ಮನ್ನು ದಾಟಿ ಮೇಲೆ ಹೋದವು. ಒಬ್ಬ ಹುಡುಗ ಏನು ನೋಡ್ತಿದೀರಿ ಅಂತ ಕೇಳಿ, ತಾನೂ ಬಗ್ಗಿದ. ಕಪ್ಪೆ ಕಾಲೆತ್ತಿದಾಗ ಅವನ ಬಾಯಿಂದ ಬಂದ "ಅಯ್ಯೋ!" ಕೇಳಬೇಕಿತ್ತು ನೀವು.

ಒಂಟಿಮರ ದಾಟಿದ ಮೇಲೆ ಕಾಡು ಬಿಚ್ಚಿಕೊಳ್ಳುತ್ತದೆ. ಬೆಟ್ಟದ ಬೆನ್ನಿನ ಮೇಲೆಲ್ಲ ಬರೀ ಹುಲ್ಲು. ಬೆಟ್ಟದ ಮಡಿಕೆಗಳಲ್ಲಿ, ನೀರು ಇಳಿಯುವ ಕಡೆ ಮಾತ್ರ ಮರಗಳು ಒತ್ತಾಗಿ ಬೆಳೆದಿವೆ. ಇದೇ ಶೋಲಾ. ದೂರದಿಂದ ನೋಡಿದರೆ ಯಾರೋ ಹುಲ್ಲಿನ ನಡುವೆ ಕಾಡನ್ನು ಕತ್ತರಿಸಿ ಇಟ್ಟ ಹಾಗಿದೆ. ಹುಲ್ಲುಗಾವಲನ್ನು ಖಾಲಿ ಜಾಗ ಅಂದುಕೊಳ್ಳುವವರು ಇದ್ದಾರೆ, ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. ಸುರಿದ ಮಳೆಯನ್ನು ಹುಲ್ಲು ಮತ್ತು ಶೋಲಾ ಎರಡೂ ಸೇರಿ ನೆಲಕ್ಕೆ ಇಳಿಸಿ, ಬೇಸಿಗೆವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದ ಒಳಗಿದೆ.

ಪ್ರಾಣಿಗಳಿಗೂ ಹೀಗೆ ಎರಡು ಮನೆ. ಹುಲ್ಲು ಮೇಯಲು, ಶೋಲಾ ಅಡಗಲು. ಹನ್ನೊಂದರ ಹೊತ್ತಿಗೆ ಎದುರಿನ ಬೆಟ್ಟದ ಮೇಲೆ ಕಾಟಿಗಳು ಕಂಡವು. ಕಾಡುಕೋಣಕ್ಕೆ ಇಲ್ಲಿಯವರು ಕಾಟಿ ಅನ್ನುತ್ತಾರೆ. ಒಟ್ಟು ಒಂಬತ್ತು. ಬರಿಗಣ್ಣಿಗೆ ಕಪ್ಪು ಕಲ್ಲುಗಳ ಹಾಗಿದ್ದವು. ದುರ್ಬೀನಿನಲ್ಲಿ ಮೊಣಕಾಲ ಕೆಳಗಿನ ಬಿಳಿ ಸ್ಪಷ್ಟವಾಗಿ ಕಂಡಿತು, ಎಲ್ಲ ಸಾಲಾಗಿ ಬಿಳಿ ಕಾಲುಚೀಲ ಹಾಕಿ ನಿಂತ ಹಾಗೆ. ಎರಡು ಕರುಗಳು ನಡುವೆ ಇದ್ದವು. ಗಾಳಿ ನಮ್ಮ ಕಡೆಯಿಂದ ತಿರುಗಿತೋ ಏನೋ, ದೊಡ್ಡದೊಂದು ತಲೆ ಎತ್ತಿತು. ಅಷ್ಟೇ. ಎರಡು ನಿಮಿಷದಲ್ಲಿ ಒಂಬತ್ತೂ ಶೋಲಾದೊಳಗೆ. ಸಾವಿರ ಕಿಲೋವರೆಗೆ ತೂಗಬಲ್ಲ ಪ್ರಾಣಿ ಅಷ್ಟು ಚಿಕ್ಕ ಮರಗಳ ನಡುವೆ ಹೇಗೆ ಮಾಯವಾಯಿತು ಅಂತ ನೋಡುತ್ತಲೇ ನಿಂತೆವು.

ದಾರಿಯ ನಡುವೆ ಒಂದು ಕಡೆ ಹಿಕ್ಕೆ ಬಿದ್ದಿತ್ತು, ಒರಟು ಕೂದಲು ತುಂಬಿದ್ದು. ಗೈಡ್ ಕಡ್ಡಿಯಿಂದ ಬಿಡಿಸಿ ನೋಡಿ, "ಸೀಳುನಾಯಿದು. ಕಡವೆ ತಿಂದಿವೆ ಮಾರಾಯ್ರೆ" ಅಂದರು. ಸುತ್ತ ಇನ್ನೂ ನಾಲ್ಕೈದು ಹಿಕ್ಕೆ. ಒಂದೇ ಜಾಗದಲ್ಲಿ ಗುಂಪೆಲ್ಲ ಹಾಕಿ ಹೋಗುವುದು ಅವುಗಳ ರೂಢಿ. ಹುಲಿ, ಚಿರತೆ, ಸೀಳುನಾಯಿ ಮೂರೂ ಈ ಕಾಡಿನಲ್ಲಿವೆ. ನಮಗೆ ಒಂದೂ ಕಾಣಲಿಲ್ಲ. ಈ ಬೆಟ್ಟಗಳಿಗೆ ಬರುವವರು ಅದಕ್ಕಾಗಿ ಬರಬಾರದು ಅಂತ ನನ್ನ ಅಭಿಪ್ರಾಯ. ಜೀಪಿನಲ್ಲಿ ಕೂತು ಕೆರೆದಂಡೆಯಲ್ಲಿ ಹುಲಿ ಕಾಯುವ ಕಾಡು ಬೇರೆ, ಇದು ಬೇರೆ.

ತುದಿ ಮುಟ್ಟಿದಾಗ ಒಂದು ಗಂಟೆ. ಸಮುದ್ರ ಮಟ್ಟದಿಂದ ಸುಮಾರು 1,890 ಮೀಟರ್. ಮಂಜು ಕವಿದು ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಬುತ್ತಿ ತಿಂದು ಇಳಿದೆವು.

ಇಳಿಯುವಾಗ ಕೊನೆಯ ಶೋಲಾದ ಅಂಚಿನಲ್ಲಿ ತಮ್ಮ ಒಂದು ಕೊಂಬೆ ಹಿಡಿಯಲು ಕೈ ಚಾಚಿದ. ಗೈಡ್ ಅವನ ಮುಂಗೈ ಹಿಡಿದು ತಡೆದರು. ಕೊಂಬೆಯ ಮೇಲೆ ಗುಳಿಮಂಡಲ ಸುತ್ತಿಕೊಂಡಿತ್ತು. ಹಸಿರು ಮೈ, ಅಲ್ಲಲ್ಲಿ ಕಂದು ಪಟ್ಟೆ, ಪಾಚಿಯ ನಡುವೆ ಇನ್ನೊಂದು ಪಾಚಿ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಚಿಕ್ಕ ಗುಳಿ. ಹತ್ತಿರ ಬರುವ ಇಲಿ, ಹಕ್ಕಿಯ ಮೈಬಿಸಿ ಅದಕ್ಕೆ ತಿಳಿಯುವುದು ಆ ಗುಳಿಯಿಂದ. "ಮೊನ್ನೆಯೂ ಇಲ್ಲೇ ಇತ್ತು" ಅಂದರು ಗೈಡ್. ಬೇಟೆ ತಾನಾಗಿ ಬರುವವರೆಗೆ ದಿನಗಟ್ಟಲೆ ಕದಲದೆ ಕಾಯುವ ಹಾವು ಅದು. ಅವರು ನಮ್ಮನ್ನು ಬದಿಗೆ ಸರಿಸಿ ದಾಟಿಸಿದರು. ಹಾವು ನಾಲಿಗೆಯನ್ನೂ ಆಡಿಸಲಿಲ್ಲ.

ಮೂರನೇ ದಿನ ಬೆಳಗಿನ ಜಾವ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೇಲಿಂದ ಸದ್ದು ಬಂತು. ಯಾರೋ ದೊಡ್ಡ ಮೊರದಿಂದ ಗಾಳಿ ಬೀಸುತ್ತಿರುವ ಹಾಗೆ, ವುಫ್, ವುಫ್, ವುಫ್. ಎರಡು ದೊಡ್ಡ ಮಂಗಟ್ಟೆ ಹಕ್ಕಿಗಳು, ಜೋಡಿ. ಹಳದಿ ಕೊಕ್ಕು, ರೆಕ್ಕೆಯ ಬಿಳಿ ಪಟ್ಟಿ ಎಲ್ಲ ಕಾಣುವಷ್ಟು ತಗ್ಗಿನಲ್ಲಿ ಹಾರಿದವು. ಇನ್ನು ಕೆಲವು ತಿಂಗಳಿಗೆ ಆ ಹೆಣ್ಣು ಯಾವುದೋ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಬಾಗಿಲನ್ನು ಒಳಗಿನಿಂದ ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಗಂಡು ತಂದ ಹಣ್ಣೇ ಅದಕ್ಕೂ ಮರಿಗೂ ಊಟ. ಅಂಥ ಪೊಟರೆ ಆಗಬೇಕಾದರೆ ಮರಕ್ಕೆ ಎಷ್ಟು ವಯಸ್ಸಾಗಿರಬೇಕು!

ವಾಪಸ್ ಬರುವಾಗ ಕುದುರೆಮುಖ ಊರಿನಲ್ಲಿ ಸ್ವಲ್ಪ ನಿಂತೆವು. ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಊರು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಈಗ ಬೀಗ ಹಾಕಿದ ಮನೆಗಳ ಸಾಲು, ಗೋಡೆಯ ಮೇಲೆ ಬಳ್ಳಿ. ಒಂದು ಮನೆಯ ಹೊಸಿಲಿನ ಪಕ್ಕದ ಮರದಲ್ಲಿ ಕೆಂದಳಿಲು ಉದ್ದಕ್ಕೆ ಮಲಗಿತ್ತು, ಬಾಲ ಕೆಳಗೆ ಜೋತುಬಿಟ್ಟುಕೊಂಡು. ಇಲ್ಲಿ ದುಡಿದು ಬದುಕಿದವರ ಸಂಸಾರಗಳೂ ನೆನಪಾದವು. ಎರಡೂ ಒಟ್ಟಿಗೇ ಮನಸ್ಸಿಗೆ ಬಂದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಘಾಟಿ ಇಳಿಯುವಾಗ ಬಿಸ್ಕತ್ತಿನ ತಿರುವು ಖಾಲಿ ಇತ್ತು. ಅಲ್ಲಿಂದ ಸ್ವಲ್ಪ ಕೆಳಗೆ ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಒಂದಕ್ಕೊಂದು ತಾಗಿಕೊಂಡಿವೆ. ಹಲಸಿನ ಜಾತಿಯ ಮರದ ಕೊಂಬೆಯೊಂದು ಅಲುಗಾಡಿದ್ದನ್ನು ತಮ್ಮ ನೋಡಿದ. ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸಿದ. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆವು.

ಕಪ್ಪು ಮೈಯೊಂದು ಕೊಂಬೆಯ ತುದಿಗೆ ಬಂದು, ಕೂತು, ಜಿಗಿದು ಆಚೆ ಹೋಯಿತು. ಅದರ ಹಿಂದೆ ಇನ್ನೊಂದು. ಒಂದೊಂದು ದಾಟಿದಾಗಲೂ ಎಲೆಯ ಮೇಲಿನ ನೀರು ನಮ್ಮ ಗಾಜಿನ ಮೇಲೆ ಸುರಿಯುತ್ತಿತ್ತು. ತಮ್ಮ ಪಿಸುದನಿಯಲ್ಲಿ ಎಣಿಸುತ್ತಿದ್ದ. ಹನ್ನೊಂದು, ಹನ್ನೆರಡು. ಕೊನೆಗೆ ಬಂದ ತಾಯಿಯ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ತಾಯಿ ತುದಿಯಲ್ಲಿ ನಿಂತು ಕೆಳಗೆ ರಸ್ತೆಯನ್ನೊಮ್ಮೆ ನೋಡಿತು. ಎರಡು ಸಲ ಕೊಂಬೆಯನ್ನು ಜಗ್ಗಿ ನೋಡಿ, ಜಿಗಿಯಿತು.

"ಹದಿಮೂರು. ಮರೀನೂ ಸೇರಿಸಿದ್ರೆ ಹದಿನಾಲ್ಕು ಅಕ್ಕಾ" ಅಂದ ತಮ್ಮ.