ಹರಳೆಣ್ಣೆ ಮನೆಯಲ್ಲೇ: ಬಿತ್ತನೆಯಿಂದ ಬಾಟಲಿವರೆಗೆ

ಜೂನ್ 18

ಬಿತ್ತನೆ ಆಯಿತು. ಶಿರಾ ಹತ್ತಿರ ದೊಡ್ಡಮ್ಮನ ಊರು. ಶೇಂಗಾ ಹೊಲದ ಬದುವಿನುದ್ದಕ್ಕೂ 14 ಗುಣಿ, ಗುಣಿಗೆ ಎರಡು ಬೀಜ. ಮೊದಲೆಲ್ಲ ಈ ಕಡೆ ಅಕ್ಕಡಿ ಸಾಲಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಮಿಶ್ರ ಬೆಳೆಯ ಸಾಲಲ್ಲಿ, ಅವರೆ, ತೊಗರಿ ಜೊತೆ ಹರಳು ಇದ್ದೇ ಇರುತ್ತಿತ್ತು. ಉತ್ತರ ಕರ್ನಾಟಕದವರು ಔಡಲ ಅನ್ನುತ್ತಾರಲ್ಲ, ಅದೇ ಗಿಡ. ವರ್ಷಕ್ಕೆ ಬೇಕಾದ ಎಣ್ಣೆಯನ್ನು ಮನೆಯಲ್ಲೇ ಕಾಯಿಸುತ್ತಿದ್ದರು. ದೀಪಕ್ಕೆ, ನೆತ್ತಿಗೆ, ಕೂಸಿನ ಮೈಗೆ, ತೊಗರಿಬೇಳೆಗೆ ಹುಳ ಬೀಳದಂತೆ ಸವರೋದಕ್ಕೆ. ಗಾಡಿ ಕೀಲಿಗೂ ಅದೇ, ಮಂಡಿ ಕೀಲಿಗೂ ಅದೇ.

ದೊಡ್ಡಮ್ಮನಿಗೆ ಈಗ 78. ಎಣ್ಣೆ ಕಾಯಿಸಿ ಇಪ್ಪತ್ತು ವರ್ಷವಾಯಿತಂತೆ. ಆ ಕೈಯಳತೆ ನನಗೆ ಬರಬೇಕು ಅನ್ನೋದೇ ಈ ಕೆಲಸದ ಉದ್ದೇಶ.

ಜುಲೈ 1

14 ಗುಣಿಯಲ್ಲಿ 12 ಮೊಳೆತಿವೆ. ಉಳಿದ ಎರಡಕ್ಕೆ ಮತ್ತೆ ಬೀಜ ಹಾಕಿದೆ.

ಆಗಸ್ಟ್ 10

ಗಿಡ ಸೊಂಟದೆತ್ತರ. ಎಲೆ ಬಿಚ್ಚಿದ ಅಂಗೈ ಹಾಗಿದೆ. ಆಯುರ್ವೇದದಲ್ಲಿ ಇದಕ್ಕೆ ಏರಂಡ ಅಂತಲೂ, ಎಲೆಯ ಈ ಆಕಾರ ನೋಡಿ ಗಂಧರ್ವಹಸ್ತ ಅಂತಲೂ ಹೆಸರು. ಇನ್ನೊಂದು ಹೆಸರು ವಾತಾರಿ, ವಾತಕ್ಕೆ ಶತ್ರು. ಅಲ್ಲಿ ಎಣ್ಣೆಯಷ್ಟೇ ಬೇರಿಗೂ ಬೆಲೆ.

ಎಲೆ ತಿನ್ನುವ ಕೊಂಡ್ಲಿ ಹುಳ ಬಿದ್ದಿದೆ. ಮೂರು ಗಿಡದಲ್ಲಿ ಎಲೆಯ ನರ ಮಾತ್ರ ಉಳಿದಿತ್ತು. ಔಷಧಿ ಹೊಡೆಯಲು ಮನಸ್ಸಾಗಲಿಲ್ಲ, ಎರಡು ದಿನ ಬೆಳಿಗ್ಗೆ ಕೂತು ಕೈಯಲ್ಲೇ ಆರಿಸಿದೆ. ಅಸ್ಸಾಮಿನಲ್ಲಿ ಎರಿ ರೇಷ್ಮೆ ಹುಳಕ್ಕೆ ಈ ಎಲೆಯೇ ಮೇವು. ಅಲ್ಲಿ ಹುಳ ತಿನ್ನಲಿ ಅಂತಲೇ ಬೆಳೆಸುತ್ತಾರೆ.

ಸೆಪ್ಟೆಂಬರ್ 5

ಗೊನೆ ಬಂದಿದೆ. ಒಂದೇ ಗೊನೆಯಲ್ಲಿ ಕೆಳಗೆ ಗಂಡು ಹೂವು, ತಿಳಿ ಹಳದಿ. ಮೇಲೆ ಹೆಣ್ಣು ಹೂವು, ತುದಿಯಲ್ಲಿ ಕೆಂಪು ಎಳೆಗಳು. ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ಅಕ್ಟೋಬರ್ 20

ಮೊದಲ ಕೊಯ್ಲು. ಮುಳ್ಳು ಮುಳ್ಳು ಕಾಯಿ, ಒಂದೊಂದರಲ್ಲೂ ಮೂರು ಬೀಜ. ಗೊನೆ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕೊಯ್ಯಬೇಕು, ತಡವಾದರೆ ಕಾಯಿ ಸಿಡಿದು ಬೀಜ ಹೊಲದ ಪಾಲು. ಅಂಗಳದಲ್ಲಿ ಹರವಿದ್ದೆ. ಮಧ್ಯಾಹ್ನದ ಬಿಸಿಲಿಗೆ ಚಟ್ ಚಟ್ ಅಂತ ಒಡೆಯುತ್ತಿದ್ದವು.

ಬೀಜ ನುಣುಪಾಗಿ, ಕಂದು-ಬಿಳಿ ಚುಕ್ಕೆ ಗೆರೆಗಳಿಂದ ಚೆಂದ ಇರುತ್ತದೆ. ದನದ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳದ ಹಾಗೇ ಕಾಣುತ್ತದೆ. ಇದರ ಲ್ಯಾಟಿನ್ ಹೆಸರು ರಿಸಿನಸ್, ಅದರ ಅರ್ಥವೂ ಉಣ್ಣೆ ಹುಳವೇ! ಚೆಂದ ಇರೋದೇ ಅಪಾಯ. ಮಕ್ಕಳು ಬಾಯಿಗೆ ಹಾಕಿಕೊಂಡು ಅಗಿದರೆ ಜೀವಕ್ಕೇ ಸಂಚಕಾರ. ಒಳಗಿರುವ ರೈಸಿನ್ ಅಷ್ಟು ಕೆಟ್ಟ ವಿಷ. ಲೆಕ್ಕ ಮಾಡಿ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟೆ.

ನವೆಂಬರ್ 9

ಎರಡು ಕೊಯ್ಲು ಸೇರಿ 2 ಕೆಜಿ 300 ಗ್ರಾಂ ಬೀಜ. 1 ಕೆಜಿ ತೆಗೆದು ಎಣ್ಣೆ ಕಾಯಿಸಿದೆ. ಕೆಟ್ಟಿತು.

ದೊಡ್ಡಮ್ಮ ಮದುವೆಗೆ ಹೋಗಿದ್ದರು, ಕಾಯುವ ತಾಳ್ಮೆ ನನಗಿರಲಿಲ್ಲ. ಉರಿ ಜಾಸ್ತಿ ಮಾಡಿ ಹುರಿದೆ, ಬೀಜ ಕರಿದಾಯಿತು. ಬಂದ ಎಣ್ಣೆ ಕಪ್ಪು, ಸೀದ ವಾಸನೆ. ನೀರಿನಂಶ ಪೂರ್ತಿ ಹೋಗುವ ಮೊದಲೇ ಇಳಿಸಿದ್ದೆ, ವಾರದೊಳಗೆ ಕಮಟು ಹತ್ತಿತು. ಐದು ತಿಂಗಳ ಬೆಳೆಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತಲ್ಲ ಅಂತ ತುಂಬಾ ಬೇಜಾರಾಯಿತು.

ನವೆಂಬರ್ 23

ಇವತ್ತು ದೊಡ್ಡಮ್ಮನ ಜೊತೆ. ಮತ್ತೆ 1 ಕೆಜಿ.

ಸೌದೆ ಒಲೆ, ಸಣ್ಣ ಉರಿ, ಕಬ್ಬಿಣದ ಬಾಣಲೆ. ಬೀಜ ಬಿಸಿಯಾಗಬೇಕು, ಕರಿಯಾಗಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರಳಲ್ಲಿ ಕುಟ್ಟಿದೆವು, ಇದರ ಧೂಳು ಕೆಲವರಿಗೆ ಅಲರ್ಜಿ. ಕುಟ್ಟುತ್ತಾ ಕುಟ್ಟುತ್ತಾ ಜಿಡ್ಡು ಬಿಟ್ಟು ಒನಕೆಗೆ ಅಂಟುವ ಮುದ್ದೆಯಾಯಿತು. ನಾಲ್ಕು ಪಾಲು ನೀರಿಗೆ ಕದಡಿ ಎರಡು ಗಂಟೆ ಕುದಿಸಿದೆವು. ನೊರೆ ಬಂತು, ನೊರೆ ಕೆಳಗೆ ಹಳದಿ ಪದರ ಕಂಡಿತು. ದೊಡ್ಡಮ್ಮ ಒಂದು ಬೊಗಸೆ ತಣ್ಣೀರು ಚಿಮುಕಿಸಿದರು. ಎಣ್ಣೆ ಒಂದೆಡೆ ಕೂಡಿತು. ಸೌಟಿನಲ್ಲಿ ಮೆಲ್ಲಗೆ ತೆಗೆದು ಬೇರೆ ಪಾತ್ರೆಗೆ ಹಾಕಿ ಮತ್ತೆ ಒಲೆಗಿಟ್ಟೆವು. ಚಟಪಟ ಶುರುವಾಯಿತು. ನಾನು ಬಗ್ಗಿ ಬಣ್ಣ ನೋಡುತ್ತಿದ್ದೆ.

"ಕಣ್ಣಲ್ಲಿ ನೋಡ್ಬ್ಯಾಡ ಮಗ, ಕಿವೀಲಿ ಕೇಳು. ಸದ್ದು ನಿಂತ್ರೆ ನೀರು ಹೋಯ್ತು ಅಂತ."

ಸದ್ದು ನಿಂತಿತು. ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿದೆವು. 260 ಎಂಎಲ್. ತಿಳಿ ಬಂಗಾರದ ಬಣ್ಣ, ಜೇನಿನಷ್ಟು ಗಟ್ಟಿ. ಬೀಜದಲ್ಲಿ ಎಣ್ಣೆ ಹೆಚ್ಚುಕಡಿಮೆ ಅರ್ಧದಷ್ಟು ಇರುತ್ತದೆ. ಗಾಣಕ್ಕೆ ಕೊಟ್ಟಿದ್ದರೆ ಜಾಸ್ತಿ ಬರುತ್ತಿತ್ತು. ಆದರೆ ಈ ಕುದಿತದಲ್ಲಿ ಒಂದು ದೊಡ್ಡ ಲಾಭವಿದೆ. ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ನೀರು ಮತ್ತು ಹಿಂಡಿಯ ಕಡೆಗೇ ಹೋಗುತ್ತದೆ. ಚೆನ್ನಾಗಿ ಕಾಯಿಸಿದರೆ ಅದರ ಶಕ್ತಿಯೂ ಅಳಿಯುತ್ತದೆ. ವಿಷದ ಹೆಸರೇ ಕೇಳದ ನಮ್ಮ ಹೆಂಗಸರು ವಿಷ ತೆಗೆಯುವ ದಾರಿಯನ್ನೇ ಹಿಡಿದಿದ್ದರು ಅಲ್ವಾ! ಉಳಿದ ಚರಟವನ್ನು ನಾಯಿ, ದನ ಮುಟ್ಟದ ಹಾಗೆ ಆಳವಾಗಿ ಹೂತೆ.

ನವೆಂಬರ್ 30

ಈ ಎಣ್ಣೆ ಮೈಗೆ ಮಾತ್ರ. ಕುಡಿಯೋದಕ್ಕಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ದೊಡ್ಡಮ್ಮನ ಕಾಲದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದರು, ಹೊಟ್ಟೆ ತೊಳೆಯಲಿ ಅಂತ. ಬಸುರಿಯರಿಗೆ ಮಾತ್ರ ಖಂಡಿತ ಕೊಡುತ್ತಿರಲಿಲ್ಲವಂತೆ. ಕಾರಣ ಈಗ ಗೊತ್ತಿದೆ. ಎಣ್ಣೆ ಕರುಳಿನಲ್ಲಿ ಒಡೆದಾಗ ರಿಸಿನೋಲಿಕ್ ಆಮ್ಲ ಬಿಡುತ್ತದೆ. ಅದು ಕರುಳಿನ ಸ್ನಾಯುವನ್ನು ಹೇಗೆ ಕೆಣಕುತ್ತದೋ, ಗರ್ಭಕೋಶದ ಸ್ನಾಯುವನ್ನೂ ಹಾಗೇ ಕೆಣಕುತ್ತದೆ ಅಂತ 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಕುಡಿಯಲೇಬೇಕಾದರೆ ಡಾಕ್ಟರನ್ನು ಕೇಳಿ, ಔಷಧಿ ಅಂಗಡಿಯದ್ದನ್ನೇ ತರಬೇಕು.

ರಾತ್ರಿ ದೊಡ್ಡಮ್ಮನ ಮಂಡಿಗೆ ಎಣ್ಣೆ ಹಚ್ಚಿದೆ. ಹರಳೆಲೆಗೂ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿ ಬಿಸಿ ಇರುವಾಗಲೇ ಮಂಡಿಗೆ ಸುತ್ತಿ ಹಳೇ ಸೀರೆ ಅಂಚಿನಲ್ಲಿ ಕಟ್ಟಿದೆ. ಸವೆದ ಮಂಡಿ ಇದರಿಂದ ಸರಿಹೋಗುವುದಿಲ್ಲ, ಅದು ಅವರಿಗೂ ಗೊತ್ತು. ಬೆಳಿಗ್ಗೆ ಬಿಗಿತ ಸ್ವಲ್ಪ ಸಡಿಲ ಅಂದರು.

ಬಾಕಿ: 300 ಗ್ರಾಂ ಬೀಜ ಮುಂದಿನ ಜೂನ್‌ಗೆ ಎತ್ತಿಟ್ಟಾಗಿದೆ. ಮೂರನೇ ಕೊಯ್ಲು ಗಿಡದಲ್ಲೇ ಇದೆ. ಅದನ್ನು ನಾನೊಬ್ಬನೇ ಕಾಯಿಸಬೇಕಂತೆ, ದೊಡ್ಡಮ್ಮ ಜಗಲಿಯ ಮೇಲೆ ಕೂತು ಸದ್ದು ಕೇಳುತ್ತಾರಂತೆ.