ಸೀಟ್ ಬೆಲ್ಟಿನ ಕೊನೆಯ ಒಂದು ಗೇಣು

"ಬೆಲ್ಟ್ ಪೂರ್ತಿ ಎಳಿ, ನೋಡೋಣ" ಅಂದರು ಅಣ್ಣ.

ಅಣ್ಣ ಅಂದರೆ ಒಡಹುಟ್ಟಿದವರಲ್ಲ. ತುಮಕೂರಿನ ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಆ ಭಾನುವಾರ ಅದಕ್ಕೆ ಬೀಗ ಹಾಕಿ, ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ನನ್ನ ಜೊತೆ ಬೆಂಗಳೂರಿಗೆ ಬಂದಿದ್ದರು. ಜೇಬಿನಲ್ಲಿ ಒಂದು ಟಾರ್ಚು, ಒಂದು ಅಯಸ್ಕಾಂತ. ಅಯಸ್ಕಾಂತ ಅವರ ಮನೆ ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದಿದ್ದು.

ನಾನು ಮನಸ್ಸಿಟ್ಟಿದ್ದು 2018ರ ಬಿಳಿ ಸ್ವಿಫ್ಟ್ ಮೇಲೆ. ಫಸ್ಟ್ ಓನರ್, ಮೀಟರಿನಲ್ಲಿ 38 ಸಾವಿರ ಕಿಲೋಮೀಟರ್. ಬೇರೆ ಕಡೆ ಕೇಳಿದ್ದಕ್ಕಿಂತ 60 ಸಾವಿರ ರೂಪಾಯಿ ಕಮ್ಮಿ. "ಮೇಡಂ ಓಡಿಸ್ತಿದ್ದ ಗಾಡಿ ಸಾರ್, ಮಕ್ಕಳನ್ನ ಸ್ಕೂಲಿಗೆ ಬಿಡೋಕಷ್ಟೇ" ಅಂದ ಮಾರುವವನು. ನಾನು ಅಲ್ಲಿವರೆಗೆ ನೋಡಿದ್ದ ಐದು ಕಾರುಗಳಲ್ಲಿ ಮೂರನ್ನು ಮೇಡಂಗಳೇ ಓಡಿಸಿದ್ದರು. ಇನ್ನೊಂದು ಡಾಕ್ಟರದ್ದು.

ಅಣ್ಣ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿದ್ದೆವು. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ ಮೊದಲ ಸಲ ಎದ್ದಾಗಲೇ ಹೊಗೆ, ಕಟಕಟ ಸದ್ದು ಎಲ್ಲ ಗೊತ್ತಾಗೋದು. ಇವರು ಆಗಲೇ ಬಿಸಿ ಮಾಡಿಟ್ಟಿದ್ದರು. ಅಣ್ಣ ಏನೂ ಅನ್ನಲಿಲ್ಲ.

ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲು, ಫೆಂಡರ್, ಡಿಕ್ಕಿಗೆಲ್ಲ ಇಟ್ಟು ನೋಡಿದರು. ನಜ್ಜಾದ ಕಡೆ ದಪ್ಪಗೆ ಪುಟ್ಟಿ ಮೆತ್ತಿ ಟಿಂಕರಿಂಗ್ ಮಾಡಿದ್ದರೆ ಅದು ಸರಿಯಾಗಿ ಅಂಟೋದಿಲ್ಲ. ಇಲ್ಲಿ ಎಲ್ಲ ಕಡೆ ಟಕ್ ಅಂತ ಅಂಟಿತು. ನಾನೂ ಇಸಿದುಕೊಂಡು ಬಂಪರಿಗೆ ಇಟ್ಟೆ. ಬಿದ್ದೇ ಹೋಯಿತು. ಎದೆ ಧಸಕ್ ಅಂತು. "ಅದು ಪ್ಲಾಸ್ಟಿಕ್ಕಪ್ಪ" ಅಂದರು ಅಣ್ಣ.

ಬೆಲ್ಟಿನ ಮಾತು ಬಂದಿದ್ದು ಆಮೇಲೆ. ಎಳೆದೆ. ಇನ್ನೂ ಎಳಿ ಅಂದರು. ನಾವು ದಿನಾ ಹಾಕಿಕೊಳ್ಳುವಷ್ಟು ಉದ್ದ ಸೋಪು ಹಾಕಿ ತೊಳೆದ ಹಾಗೆ ಶುಭ್ರವಾಗಿತ್ತು. ಸುರುಳಿಯಿಂದ ಕೊನೆಗೆ ಹೊರಬಂದ ಒಂದು ಗೇಣಿನಲ್ಲಿ ಮಾತ್ರ ಕಂದು ಗೆರೆ. ನೂಲಿನ ಸಂದಿಯಲ್ಲಿ ಒಣಗಿದ ಕೆಸರು. ಹೆಬ್ಬೆರಳಿನಿಂದ ಉಜ್ಜಿದರೆ ಸಣ್ಣ ಪುಡಿ ಉದುರಿತು.

ಅಲ್ಲಿಂದ ಮುಂದೆ ಎಲ್ಲವೂ ಒಂದೊಂದಾಗಿ ಕಂಡಿತು. ನೆಲದ ಮ್ಯಾಟ್ ಹೊಸದು, ಅದರ ಕೆಳಗಿನ ಸೀಟಿನ ಹಳಿಗಳಿಗೆ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ಮಣ್ಣು. ಒಳಗೆ ತಲೆನೋವು ಬರುವಷ್ಟು ಪರ್ಫ್ಯೂಮ್ ಯಾಕೆ ಹೊಡೆದಿದ್ದರು ಅನ್ನೋದೂ ಅರ್ಥವಾಯಿತು. ನಂಬರ್ ಕೆಎ 53, ಅಂದರೆ ಕೆ.ಆರ್. ಪುರ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಾಯಿತು. ಬೆಳ್ಳಂದೂರು, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರಲ್ಲ, ಬೇಸ್‌ಮೆಂಟುಗಳಲ್ಲಿ ಕಾರು ಮುಳುಗಿದ್ದವಲ್ಲ, ಆ ಮಳೆ. ಈ ಕಾರು ಅದರಲ್ಲೇ ನೆನೆದಿತ್ತು ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ. ಸರ್ವಿಸ್ ಬಿಲ್ಲು, ಇನ್ಶೂರೆನ್ಸ್ ಕ್ಲೇಮಿನ ವಿವರ ಕೊಡಿ ಅಂತ ಕೇಳಿದೆ. "ಪಾರ್ಟಿ ಕೊಟ್ಟಿಲ್ಲ ಸಾರ್" ಅಂದ.

ಹೊರಗೆ ಕಾಫಿ ಕುಡಿಯುವಾಗ ಅಣ್ಣ ಹೇಳಿದರು: "ನೀರಲ್ಲಿ ಮುಳುಗಿದ ಗಾಡಿ ಇವತ್ತು ಓಡುತ್ತೆ, ನಾಳೆನೂ ಓಡುತ್ತೆ. ಒಂದಿನ ವೈರಿಂಗ್ ಕೈ ಕೊಡುತ್ತೆ. ಯಾವತ್ತು ಅಂತ ನನಗೂ ಗೊತ್ತಾಗಲ್ಲ. ಇಂಜಿನ್ ಹೋದ್ರೆ ಬಿಚ್ಚಿ ಮಾಡಬಹುದು ಕಣಪ್ಪ, ಇದು ಬೇಡ."

ಕೊನೆಗೆ ಕಾರು ಸಿಕ್ಕಿದ್ದು ನಮ್ಮೂರಿನಲ್ಲೇ. ರಿಟೈರ್ ಆದ ಮೇಷ್ಟ್ರೊಬ್ಬರ 2016ರ ವ್ಯಾಗನ್ ಆರ್. 71 ಸಾವಿರ ಓಡಿತ್ತು, ಮೈತುಂಬ ಗೀರು. ಆದರೆ ಮೊದಲ ಸರ್ವಿಸ್‌ನಿಂದ ಹಿಡಿದು ಎಲ್ಲ ಬಿಲ್ಲೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಪ್ರತಿ ಬಿಲ್ಲಿನಲ್ಲೂ ಆವತ್ತಿನ ಕಿಲೋಮೀಟರ್ ಇರುತ್ತಲ್ಲ, ಮೀಟರ್ ಹಿಂದೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಟೈರಿನ ಪಕ್ಕದಲ್ಲಿ 1522 ಅಂತಿತ್ತು. 2022ರ 15ನೇ ವಾರ ತಯಾರಾಗಿದ್ದು ಅಂತ ಅರ್ಥ. ಟೈರ್ ಬದಲಾಯಿಸಿದ ಬಿಲ್ಲೂ ಅದೇ ವರ್ಷದ್ದು. ಬೆಲ್ಟನ್ನು ನಾನೇ ಕೊನೆತನಕ ಎಳೆದೆ. ಮೇಷ್ಟ್ರು ವಿಚಿತ್ರವಾಗಿ ನೋಡಿದರು.

ಗಾಡಿ ಸರಿಯಿತ್ತು, ಕಾಗದ ಸತಾಯಿಸಿತು. ಸಾಲ ತೀರಿಸಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದೆ ಅಂತ ಬ್ಯಾಂಕ್ ಕೊಟ್ಟಿದ್ದ ಪತ್ರ, ಅಂದರೆ ಎನ್‌ಒಸಿ, ಮೇಷ್ಟ್ರ ಕವರಿನಲ್ಲೇ ಅವಧಿ ಮುಗಿದು ಹಳೆಯದಾಗಿತ್ತು. ಹೊಸದು ತರಿಸಿ, ಫಾರಂ 35 ಹಾಕಿ ಬ್ಯಾಂಕಿನ ಹೆಸರು ತೆಗೆಸಿ, ಗಾಡಿ ನನ್ನ ಹೆಸರಿಗೆ ಮಾಡೋ ಫಾರಂ 29 ಮತ್ತು 30ಕ್ಕೆ ಸಹಿ ಬೀಳೋ ಹೊತ್ತಿಗೆ ಮೂರು ವಾರ. ಹಳೇ ದಂಡ ಬಾಕಿ ಇದೆಯಾ ಅಂತಲೂ ನೋಡಿದೆ, ಇರಲಿಲ್ಲ. ಅವರ ಪಾಲಿಸಿಯಲ್ಲಿ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯಿತಿ, ಕಂಡು ಒಳಗೊಳಗೇ ಖುಷಿಪಟ್ಟಿದ್ದೆ. ಅದು ಕಾರಿನದ್ದಲ್ಲ, ಮೇಷ್ಟ್ರದ್ದು ಅಂತ ಆಮೇಲೆ ಗೊತ್ತಾಯಿತು. ವ್ಯತ್ಯಾಸದ ದುಡ್ಡು ಕಟ್ಟಿ ಇನ್ಶೂರೆನ್ಸ್ ನನ್ನ ಹೆಸರಿಗೆ ಮಾಡಿಸಿದೆ.

ಎಲ್ಲ ಮುಗಿಯಿತು ಅಂದುಕೊಂಡು ಅಣ್ಣನನ್ನೂ ಕೂರಿಸಿಕೊಂಡು ಬೆಂಗಳೂರಿಗೆ ಹೊರಟೆ. ಕ್ಯಾತ್ಸಂದ್ರ ಟೋಲ್ ದಾಟಿ ಹತ್ತು ನಿಮಿಷ ಆಗಿರಲಿಲ್ಲ, ಮೇಷ್ಟ್ರ ಫೋನು.

"ಏನಪ್ಪಾ, ಬೆಂಗಳೂರಿಗೆ ಹೊರಟ್ಯಾ?"

"ಹೌದು ಸಾರ್, ನಿಮಗೆ ಹೇಗೆ ಗೊತ್ತಾಯ್ತು?"

"ಫಾಸ್ಟ್ಯಾಗ್ ದುಡ್ಡು ಇನ್ನೂ ನನ್ನ ಅಕೌಂಟಿಂದಲೇ ಹೋಗ್ತಾ ಇದೆ. ಇರಲಿ, ನಿಧಾನಕ್ಕೆ ಹೋಗು."